ಒಂದು ಹಾಳೆ, ಎರಡು ಕಿವಿ

ಹೆಂಡತಿಗೆ ತನ್ನ ಗುಟ್ಟು ತಿಳಿದುಹೋಗಿದೆ ಎಂಬ ಅನುಮಾನ ಅಡಿವೆಪ್ಪನಿಗೆ ಮೊದಲು ಬಂದದ್ದು ಒಂದು ಒದ್ದೆ ಟವೆಲಿನಿಂದ.

ಎಂದಿನಂತೆ ಚಹಾ ಕುಡಿದು ಹಿತ್ತಲಿನ ತಗಡಿನ ಶೆಡ್ಡಿಗೆ ಹೋದರೆ ಮೇಜಿನ ಮೇಲೆ ಟವೆಲು ಹಿಂಡಿ ಹಾಸಿತ್ತು. ನೆಲಕ್ಕೆಲ್ಲ ನೀರು ಚಿಮುಕಿಸಿತ್ತು. ಅರದ ಪಕ್ಕದಲ್ಲಿ, ಅವನು ಕೇಳದಿದ್ದ, ಕೊಳ್ಳದಿದ್ದ, ಮೂಗು ಬಾಯಿ ಮುಚ್ಚುವ ಹೊಸ ಮಾಸ್ಕು ಬೇರೆ ಕುಳಿತಿತ್ತು.

“ಇದೇನ ಕಾಶವ್ವ, ಶೆಡ್ಡಿಗೆ ಸಾರಣಿ ಮಾಡೀದಿ?” ಎಂದು ಅಡಿವೆಪ್ಪ ಅಲ್ಲಿಂದಲೇ ಕೂಗಿದ.

“ಧೂಳ ಭಾಳ ಆಗೈತ್ರಿ. ಒಣಗಹಾಕಿದ ಅರಿವಿ ಮ್ಯಾಲೆಲ್ಲಾ ಕುಂದರತೈತಿ,” ಎಂದಳು ಕಾಶವ್ವ ಅಡುಗೆಮನೆಯಿಂದ.

ಅರಿವೆಯ ಮೇಲೆ ಧೂಳಂತೆ! ಇಷ್ಟು ವರ್ಷ ಎಲ್ಲಿತ್ತೋ ಆ ಧೂಳು! ಅಡಿವೆಪ್ಪ ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಯಾರೋ ತನ್ನ ಶೆಡ್ಡಿನಲ್ಲಿ ಬಿಟ್ಟುಹೋದ ಸಾಕ್ಷಿಯನ್ನು ನೋಡುವಂತೆ ನೋಡಿದ. ಇದು ಬಟ್ಟೆಯ ಚಿಂತೆಯಲ್ಲ. ಇವಳಿಗೆ ಯಾರೋ ಏನೋ ಊದಿದ್ದಾರೆ ಎಂಬ ಅನುಮಾನ ಅವನ ಮನಸ್ಸನ್ನು ಹೊಕ್ಕಿತು.

ಅಡಿವೆಪ್ಪ ಗದಗಿನ ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಊರಿನ ಅರ್ಧ ಜನರ ಮಾತುಗಳನ್ನು ತಂತಿಯಲ್ಲಿ ಸಾಗಿಸಿದ ಮನುಷ್ಯ. ತನ್ನ ಮನೆಯಲ್ಲಿ ಮಾತ್ರ ಮಾತು ಅಷ್ಟಕ್ಕಷ್ಟೇ. ‘ಊಟ ಆತು’, ‘ಉಪ್ಪ ಕಡಿಮಿ ಐತಿ’, ‘ಹೊರಗ ಹೋಗಿ ಬರ್ತೀನಿ’, ಇಷ್ಟರಲ್ಲಿ ಅವನ ಸಂಸಾರ ಸಾಗಿಬಂದಿತ್ತು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಹಿತ್ತಲಲ್ಲಿ ಶೆಡ್ಡು ಹಾಕಿ, ಓಣಿಯ ಮುದುಕ ಮುದುಕಿಯರಿಗೆ ಕಿವಿ ಮಶೀನು ಮಾಡಿಕೊಡತೊಡಗಿದ. ಮಶೀನಿನೊಳಗಿನ ಬೋರ್ಡನ್ನೂ ಅವನೇ ಮಾಡುವುದು: ತಾಮ್ರ ಹಚ್ಚಿದ ಗಾಜಿನೆಳೆಯ ಹಾಳೆ ತಂದು, ಬೇಕಾದ ಅಳತೆಗೆ ಕೊಯ್ದು, ಅಂಚು ಅರದಿಂದ ತಿಕ್ಕಿ, ತಾಮ್ರದಲ್ಲಿ ದಾರಿ ಕೊರೆಯುವುದು.

ಆ ಅರದ ಕೆಲಸವೇ ಮುಳುವಾಯಿತು. ಕೆಮ್ಮು ಬಿಡದೆ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಎದೆಯ ಚಿತ್ರ ತೆಗೆಸಿದ್ದ. ಪುಪ್ಪುಸದ ತಳದಲ್ಲಿ ಗಾಜಿನ ಧೂಳು ಕುಳಿತಿದೆ, ಇನ್ನೂ ಉಸಿರೊಳಗೆ ಎಳೆದರೆ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡೇ ತಿರುಗಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಕಾಶವ್ವನಿಗೆ ಹೇಳಿದರೆ ಅಂದೇ ಶೆಡ್ಡಿಗೆ ಬೀಗ ಬೀಳುತ್ತದೆ. ಯಾರಿಗೂ ಹೇಳದೆ ಇರಲೂ ಆಗದು. ಅದಕ್ಕೇ ಒಬ್ಬನಿಗೆ, ಒಬ್ಬನಿಗೆ ಮಾತ್ರ ಹೇಳಿದ್ದ: ಹಾರ್ಮೋನಿಯಂ ರಿಪೇರಿಯ ದಸ್ತಗೀರಸಾಬನಿಗೆ.

ದಸ್ತಗೀರ ಅವನ ಬಾಲ್ಯದ ಗೆಳೆಯ. ಬಜಾರದ ಓಣಿಯಲ್ಲಿ ಬಾಗಿಲಗಲದ ಅಂಗಡಿ. ಭಜನಾ ಮಂಡಳಿಯವರು, ನಾಟಕದವರು, ಎಲ್ಲರ ಪೆಟ್ಟಿಗೆಯೂ ಅವನ ಕೈಗೇ ಬರಬೇಕು. ಸ್ವರ ಕೂಡಿಸುವ ಆ ಮನುಷ್ಯನಿಗೇ ಕಿವಿ ಮಂದವಾಗಿ, ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ಇತ್ತ ಕಾಶವ್ವನಿಗೂ ಜ್ವರ ಬಂದು ಹೋದಾಗಿನಿಂದ ಕೇಳಿಸುತ್ತಿರಲಿಲ್ಲ. ಇಬ್ಬರಿಗೂ ಅಡಿವೆಪ್ಪನೇ ಮಶೀನು ಮಾಡಿಕೊಟ್ಟಿದ್ದ. ಅದೂ ಅಂತಿಂಥ ಮಶೀನಲ್ಲ, ಧಾರವಾಡದ ಹೊಸ ಹಾಳೆಯದು.

ಆ ಹಾಳೆಯ ಸಂಗತಿ ಹೀಗೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಡಾಕ್ಟರ್ ಪ್ರಫುಲ್ಲಾ ಅರಸು ಎಂಬ ವಿಜ್ಞಾನಿ, ಬೋರ್ಡಿನೊಳಗಿನ ಗಾಜಿನೆಳೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಪೊರೆ ಬೆಳೆಸಿದ್ದಳು. ಮಾತು ತಾಗಿದರೆ ಎಳೆಯೇ ಮಿಡಿಯುತ್ತದೆ, ಆ ಮಿಡಿತವೇ ವಿದ್ಯುತ್ತಾಗುತ್ತದೆ. ಬೇರೆ ಮೈಕು ಬೇಡ, ಬೋರ್ಡೇ ಕಿವಿ. ಸಂತೆಯ ಗದ್ದಲದಲ್ಲೂ ಮನುಷ್ಯನ ಮಾತನ್ನಷ್ಟೇ ಹೆಕ್ಕಿ ಕೊಡುವ ಹಾಳೆ. ಮನೆಗಳಲ್ಲಿ ಕೊಯ್ದರೆ ಅದು ಹೇಗೆ ತಾಳುತ್ತದೆ ನೋಡೋಣ ಎಂದು ಕೆಲವು ಕಸುಬುದಾರರಿಗೆ ಒಂದೊಂದು ಹಾಳೆ ಹಂಚಿದ್ದರು. ಕಟ್ಟಳೆಗಳೂ ಇದ್ದವು. ತಾವೇ ಕೊಟ್ಟ, ನೀರು ಹಾಯುವ ಗರಗಸದಿಂದಲೇ ಕೊಯ್ಯಬೇಕು, ಒಂದು ಹಾಳೆಗೆ ಒಂದೇ ಮಶೀನು, ಉಳಿದ ತುಂಡು ಮರಳಿ ಕೊಡಬೇಕು.

“ಉಳಿದ ತುಂಡ ಇವರಿಗೆ ಯಾಕಂತ?” ಎಂದು ಅಡಿವೆಪ್ಪನಿಗೆ ಅವತ್ತೇ ಅನುಮಾನ. ಅದೂ ಅಲ್ಲದೆ ಆ ಗರಗಸ ಹೋದಲ್ಲೆಲ್ಲ ದಪ್ಪ ಗೆರೆಯಷ್ಟು ಹಾಳೆಯನ್ನು ತಿಂದುಹಾಕುತ್ತದೆ. ಚಿನ್ನದಂಥ ಮಾಲು ನೀರುಪಾಲು! ಅವನು ಗರಗಸವನ್ನು ಮಂಚದ ಕೆಳಗೆ ತಳ್ಳಿದ. ಮುರಿದ ಹ್ಯಾಕ್ಸಾ ಬ್ಲೇಡನ್ನು ಸಾಣೆ ಹಿಡಿದು ಕೊಕ್ಕೆ ಮಾಡಿಟ್ಟುಕೊಂಡಿದ್ದ. ಅದರಿಂದ ಹಾಳೆಯ ಎರಡೂ ಮೈಗೆ ಗೀರು ಹಾಕಿ, ಗೀರನ್ನು ಮೇಜಿನ ಅಂಚಿಗೆ ಸರಿಯಾಗಿ ಕೂಡಿಸಿ, ಅಂಗೈಯಿಂದ ಒಂದೇ ಏಟು. ಟಕ್! ಒಂದು ಚೂರೂ ಹಾಳಾಗದೆ ಹಾಳೆ ಎರಡಾಯಿತು. ಒಂದು ತುಂಡು ಕಾಶವ್ವನ ಮಶೀನಿಗೆ, ಅದಕ್ಕೆ ಹೊಂದಿಕೊಂಡಿದ್ದ ತುಂಡು ದಸ್ತಗೀರನ ಮಶೀನಿಗೆ. ಪ್ರಯೋಗಾಲಯಕ್ಕೆ, ‘ಕೊಯ್ಯುವಾಗ ಅರ್ಧ ಹಾಳಾಯಿತು’ ಎಂದು ಹೇಳಿ ಕೈತೊಳೆದುಕೊಂಡಿದ್ದ.

ಒದ್ದೆ ಟವೆಲಿನ ನಂತರ ಅಡಿವೆಪ್ಪ ಹೆಂಡತಿಯ ಮೇಲೆ ಕಣ್ಣಿಟ್ಟ. ಕಣ್ಣಿಟ್ಟವನಿಗೆ ಕಾಣುವುದಕ್ಕೇನು ಬರ! ಒಂದು ಸಂಜೆ ದಸ್ತಗೀರನ ಅಂಗಡಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಬಾಯಿ ಮುಕ್ಕಳಿಸಿ ಮನೆಗೆ ಬಂದರೆ, ಅವಳು ತಟ್ಟೆಗೆ ಒಂದೇ ರೊಟ್ಟಿ ಹಾಕಿ, “ಇಷ್ಟ ಸಾಕಲ್ರಿ?” ಎಂದಳು. ಮತ್ತೊಂದು ದಿನ ಅದೇ ಅಂಗಡಿಯಲ್ಲಿ ಕುಳಿತು ಹೆಂಡತಿಯ ತಮ್ಮನನ್ನು ಬಾಯಿಗೆ ಬಂದಂತೆ ಬೈದಿದ್ದ. ಮನೆಯಲ್ಲಿ ಸಾರು ಬಡಿಸುತ್ತ ಕಾಶವ್ವ, “ನನ್ನ ತಮ್ಮಗ ಬೈದ್ರ ನಿಮ್ಮ ಕೆಮ್ಮ ಹೋಗೂದಿಲ್ಲ,” ಎಂದುಬಿಟ್ಟಳು.

ಅಡಿವೆಪ್ಪ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ. “ಯಾರ ಹೇಳಿದ್ರು ನಿನಗ?”

“ಯಾರ್ಯಾಕ ಹೇಳಬೇಕು? ಹಂಗ ಅನಿಸ್ತು.”

ಹಾಗೆ ಅನಿಸುವುದಕ್ಕೆ ಇವಳೇನು ಜ್ಯೋತಿಷಿಯೇ? ಅಡಿವೆಪ್ಪ ಒಬ್ಬೊಬ್ಬರನ್ನೇ ಸೋಸಿದ. ಹುಬ್ಬಳ್ಳಿಯ ಡಾಕ್ಟರಿಗೆ ಇವಳ ಪರಿಚಯವೇ ಇಲ್ಲ. ಮಿರ್ಚಿ ಮಾರುವವನಿಗೆ ಎದೆಯ ಸುದ್ದಿ ಗೊತ್ತಿಲ್ಲ. ಎಲ್ಲ ಮಾತಿನ ಹತ್ತಿರವೂ ಇದ್ದವನು ಒಬ್ಬನೇ. ಆ ಹೆಸರು ಮನಸ್ಸಿಗೆ ಬಂದಾಗ ಅಡಿವೆಪ್ಪನಿಗೆ ಸಂಕಟವಾಯಿತು. ಆದರೆ ಒಮ್ಮೆ ಬಂದ ಹೆಸರು ಮತ್ತೆ ಹೋಗಲೊಲ್ಲದು. ದಸ್ತಗೀರ ಈಚೆಗೆ ವಿಚಿತ್ರವಾಗಿ ಬೇರೆ ಆಡುತ್ತಿದ್ದ. “ದೋಸ್ತ, ಮುಂಜಾನೆ ಅಂಗಡ್ಯಾಗ ಒಬ್ಬನ ಕುಂತಾಗ ಕಿವ್ಯಾಗ ಯಾರೋ ರೊಟ್ಟಿ ಬಡದಂಗ ಆಗ್ತೈತಿ. ಒಮ್ಮೆ ಕುಕ್ಕರ್ ಸೀಟಿ ಹೊಡೀತು ನೋಡು,” ಎಂದಿದ್ದ. ಅಡಿವೆಪ್ಪ ನಕ್ಕು, ಬೆಸುಗೆ ಸಡಿಲಾಗಿರಬೇಕೆಂದು ಮತ್ತೊಮ್ಮೆ ಬಿಸಿ ತಾಗಿಸಿ ಕೊಟ್ಟಿದ್ದ. ಈಗ ಆ ಮಾತೂ ನಾಟಕವೆನಿಸಿತು.

ಸರಿ, ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡ. ಲೈನಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕಿದ ಅನುಭವ ಅವನಿಗೆ ಕಡಿಮೆಯೇನಲ್ಲ. ಒಂದು ತುದಿಯಿಂದ ಸುಳ್ಳು ಕರೆ ಬಿಡಬೇಕು, ಇನ್ನೊಂದು ತುದಿಯಲ್ಲಿ ಗಂಟೆ ಬಡಿಯುತ್ತದೋ ನೋಡಬೇಕು. ಅಂಗಡಿಗೆ ಹೋಗಿ, ಯಾರೂ ಇಲ್ಲದ ಹೊತ್ತು ನೋಡಿ, ದಸ್ತಗೀರನ ಕಿವಿಯ ಹತ್ತಿರ ಬಾಗಿ, “ಕಾಶವ್ವನ ತವರಮನಿ ತಾಮ್ರದ ಹಂಡೆ ಐತಲ್ಲ, ನಾಳೆ ಅದನ್ನ ಹಳೇ ಸಾಮಾನ ಕೊಳ್ಳೂ ಮೋಡಕಾದವಗ ಹಾಕಿಬಿಡ್ತೀನಿ. ಯಾರ ಮುಂದೂ ಅನಬ್ಯಾಡ,” ಎಂದ.

“ಹುಚ್ಚ ಹಿಡದೈತೇನ ನಿನಗ? ಆಕಿ ಜೀವ ಅದರಾಗೈತಿ,” ಎಂದು ದಸ್ತಗೀರ ಬೈದ.

ಅಡಿವೆಪ್ಪ ಎಲ್ಲೂ ನಿಲ್ಲದೆ, ಯಾರನ್ನೂ ಮಾತನಾಡಿಸದೆ ನೆಟ್ಟಗೆ ಮನೆಗೆ ಬಂದ. ಬಚ್ಚಲಲ್ಲಿ ಹಂಡೆಯಿಲ್ಲ! ಹುಡುಕಿದರೆ ದೇವರ ಕೋಣೆಯಲ್ಲಿ, ಹಳೆಯ ಕೌದಿ ಹೊದ್ದು, ಮೇಲೆ ಅಕ್ಕಿ ಮೂಟೆ ಹೇರಿಸಿಕೊಂಡು ಕುಳಿತಿತ್ತು. ಅದರ ಪಕ್ಕದಲ್ಲಿ ಕಾಶವ್ವ ಕಾವಲು ಕೂತಂತೆ ಕಾಳು ಆರಿಸುತ್ತಿದ್ದಳು. ಗಂಡನ ಮುಖ ನೋಡಿ, ನೋಡದವಳಂತೆ ತಲೆ ತಗ್ಗಿಸಿದಳು.

ಇನ್ನೇನು ಬೇಕು ಪುರಾವೆ? ಅಡಿವೆಪ್ಪ ನೀರೂ ಕುಡಿಯದೆ ಹಾಗೆಯೇ ಬಜಾರದತ್ತ ತಿರುಗಿದ.

ಬಜಾರದಲ್ಲಿ ಆಗ ಒಳ್ಳೇ ವ್ಯಾಪಾರದ ಸಮಯ. ದಸ್ತಗೀರನ ಅಂಗಡಿಯೆದುರು ಭಜನಾ ಮಂಡಳಿಯವರು ಪೆಟ್ಟಿಗೆ ಒಯ್ಯಲು ಬಂದು ನಿಂತಿದ್ದರು. ಪಕ್ಕದ ಬಳೆಯಂಗಡಿಯಲ್ಲಿ ಹೆಂಗಸರಿದ್ದರು.

“ನಿನ್ನ ಹೊಟ್ಟ್ಯಾಗ ಒಂದ ಮಾತ ನಿಲ್ಲಂಗಿಲ್ಲಲ್ಲೋ ದಸ್ತಗೀರ!” ಎಂದು ಅಡಿವೆಪ್ಪ ರಸ್ತೆಯಿಂದಲೇ ಶುರುಮಾಡಿದ.

“ಏನಾತೋ?”

“ಏನಾತಂತ ಕೇಳ್ತಾನ ನೋಡ್ರಿ! ಹಂಡೇದ ಮಾತ ನಿನಗ ಬಿಟ್ರ ಯಾರಿಗೂ ಹೇಳಿಲ್ಲ. ನಾ ಮನಿ ಮುಟ್ಟೂದರಾಗ ಸುದ್ದಿ ಮುಟ್ಟೈತಿ. ಎಲ್ಲಾ ಹೇಳೀದಿ ನೀ. ನಾ ಇಲ್ಲದಾಗ ನನ್ನ ಹೇಂತಿ ಕೂಡ ನಿಂದೇನ ಮಾತು?”

ಕೊನೆಯ ಮಾತು ಬಾಯಿಂದ ಬಿದ್ದಮೇಲೆ ಅದರ ಹೊಲಸು ಅವನಿಗೇ ತಿಳಿಯಿತು. ಬಳೆಯಂಗಡಿಯ ಹೆಂಗಸರು ಬಳೆ ಬಿಟ್ಟು ಇತ್ತ ನೋಡಿದರು. ದಸ್ತಗೀರನ ಕೈ ಸ್ವರಪಟ್ಟಿಯ ಮೇಲೆ ನಿಂತುಬಿಟ್ಟಿತು.

“ಕಾಶವ್ವಗ ತಂಗಿ ಅಂತೀನಿ ನಾ,” ಎಂದ ಅವನು, ಮೆಲ್ಲಗೆ. “ನಾ ಯಾರಿಗೂ ಏನೂ ಹೇಳಿಲ್ಲ. ಒಮ್ಮೆ ಹೇಳೀನಿ, ಇನ್ನೊಮ್ಮೆ ಹೇಳೂದಿಲ್ಲ.” ಕಿವಿಯಿಂದ ಮಶೀನು ಬಿಚ್ಚಿ ಅಡಿವೆಪ್ಪನ ಅಂಗೈಯಲ್ಲಿಟ್ಟ. “ಇಂಥಾ ಮಾತ ಕೇಳಾಕ ಈ ಕಿವಿ ಬ್ಯಾಡ ನನಗ. ತೊಗೊಂಡ ಹೋಗು.”

ಭಜನೆಯವರು, “ಸಾಬ್ರ, ನಮ್ಮ ಪೆಟಗಿ...” ಎಂದರು. ದಸ್ತಗೀರನಿಗೆ ಅದು ಕೇಳಿಸಲೇ ಇಲ್ಲ.

ಅಡಿವೆಪ್ಪ ಮನೆಗೆ ಬರುವಷ್ಟರಲ್ಲಿ ಕಾಶವ್ವ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು. “ದಸ್ತಗೀರಣ್ಣಗ ಅಂಥಾ ಮಾತ ಅಂದ್ರೆಲ್ರೀ! ನಾಲಿಗಿ ಹೆಂಗ ಹೊರಳ್ತು ನಿಮಗ?”

“ಇಷ್ಟ ಲಗೂನ ಇದನ್ನೂ ಯಾರ ಮುಟ್ಟಿಸಿದ್ರು?”

“ಯಾರೂ ಇಲ್ರಿ! ನನ್ನ ಕಿವ್ಯಾಗ ಕೇಳ್ತೈತಿ. ನೀವು ಅಣ್ಣನ ಅಂಗಡ್ಯಾಗ ಕುಂತ ಮಾತಾಡಿದ್ದೆಲ್ಲಾ ಇದರಾಗ ಕೇಳ್ತೈತಿ,” ಎಂದು ಅವಳು ತನ್ನ ಮಶೀನನ್ನು ಮುಟ್ಟಿ ತೋರಿಸಿದಳು.

ಗೆಳೆಯನನ್ನು ಉಳಿಸಲು ಕಟ್ಟಿದ ಕಥೆ ಎಂದು ಅಡಿವೆಪ್ಪ ಮೊದಲು ತಿಳಿದ. ಆದರೆ ಅವಳು ಬಜಾರದಲ್ಲಾದ ಮಾತನ್ನು ಒಂದಕ್ಷರ ಬಿಡದೆ, ಭಜನೆಯವರ ‘ನಮ್ಮ ಪೆಟಗಿ’ಯವರೆಗೂ ಹೇಳಿದಾಗ ಅವನ ಅನುಮಾನ ಗಕ್ಕನೆ ದಿಕ್ಕು ಬದಲಿಸಿತು. ಓಹೋ! ಅದಕ್ಕೇ ಆ ಧಾರವಾಡದವರು ಉಳಿದ ತುಂಡನ್ನು ಮರಳಿ ಕೇಳುತ್ತಿದ್ದರು! ಹಾಳೆಯೊಳಗೆ ಕದ್ದು ಕೇಳುವ ಕಳ್ಳಯಂತ್ರ ಇಟ್ಟಿದ್ದಾರೆ. ಬಡವರ ಮನೆಯ ಮಾತು ಕೇಳಿ ಇವರೇನು ಮಾಡಿಕೊಳ್ಳುತ್ತಾರೋ! ಮರುದಿನ ದಸ್ತಗೀರನ ಮಶೀನನ್ನು ಕಿಸೆಗೆ ಹಾಕಿಕೊಂಡು ಧಾರವಾಡದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಸಾಣೆ ಹಿಡಿದ.

ಡಾಕ್ಟರ್ ಪ್ರಫುಲ್ಲಾ ಅರಸು ಮೈಸೂರಿನ ಕಡೆಯವಳು. ಅಡಿವೆಪ್ಪ ಏರುದನಿಯಲ್ಲಿ ಎಲ್ಲವನ್ನೂ ಒದರಿ ಮುಗಿಸುವವರೆಗೆ ಸುಮ್ಮನೆ ಕೇಳಿದಳು. ಆಮೇಲೆ ಅವಳ ಮುಖದಲ್ಲೂ ಅನುಮಾನ ಮೂಡಿತು.

“ಯಜಮಾನ್ರೇ, ನಾವು ಯಾವ ಯಂತ್ರಾನೂ ಇಟ್ಟಿಲ್ಲ. ಆದ್ರೆ ನೀವು ಎರಡು ಮಶೀನು ಅಂತಿದ್ದೀರಿ. ನಿಮಗೆ ಕೊಟ್ಟಿದ್ದು ಒಂದು ಹಾಳೆ. ಅರ್ಧ ಹಾಳಾಯ್ತು ಅಂದಿದ್ರಲ್ಲ?”

ಅಡಿವೆಪ್ಪ ಗೋಡೆ ನೋಡಿದ.

“ಇರಲಿ. ನಿಮ್ಮ ಮನೆಯವರಿಗೆ ಫೋನ್ ಮಾಡಿ. ನಾನು ಈ ಮಶೀನು ತಗೊಂಡು ಒಳಗಿನ ಕೋಣೆಗೆ ಹೋಗ್ತೀನಿ. ಆ ಕೋಣೆಯಿಂದ ಒಂದು ಸದ್ದೂ ಹೊರಗೆ ಬರಲ್ಲ. ನಾನು ಏನಂದೆ ಅಂತ ಅವರನ್ನೇ ಕೇಳಿ.”

ದಪ್ಪ ಬಾಗಿಲು ಮುಚ್ಚಿತು. ಅಡಿವೆಪ್ಪ ಕಾಶವ್ವನಿಗೆ ಫೋನ್ ಹಚ್ಚಿ, ಕಿವಿಯಲ್ಲಿ ಏನು ಕೇಳುತ್ತದೋ ಹೇಳು ಎಂದು ಸ್ಪೀಕರ್ ಹಾಕಿ ಹಿಡಿದ. ತುಸು ಹೊತ್ತು ಏನೂ ಇಲ್ಲ. ಇವರ ಆಟ ಬಯಲಾಯಿತು ಎಂದು ಅವನು ಮೀಸೆಯಲ್ಲಿ ನಗುವಷ್ಟರಲ್ಲಿ ಕಾಶವ್ವನ ದನಿ ಬಂತು.

“ಯಾರೋ ಒಬ್ಬಾಕಿ ಮಾತಾಡಾಕ್ಹತ್ಯಾಳ್ರಿ. ಮೈಸೂರ ಕಡೆ ಮಾತು. ಕಿಟಕಿ ಹೊರಗ ಗುಲ್‌ಮೊಹರ್ ಗಿಡ ಹೂ ಬಿಟ್ಟೈತಂತ. ಆಮ್ಯಾಲ... ಅಡಿವೆಪ್ಪನವರು ನಮಗ ಸುಳ್ಳ ಹೇಳ್ಯಾರ, ತುಂಡ ಮುಚ್ಚಿಟ್ಟಾರ ಅಂದ್ಲು. ಖರೇ ಏನ್ರಿ?”

ಅಡಿವೆಪ್ಪ ಅಲ್ಲೇ ಇದ್ದ ಕುರ್ಚಿ ಎಳೆದು ಕುಳಿತ. ಬಾಗಿಲು ತೆರೆದು ಬಂದ ಪ್ರಫುಲ್ಲಾ ಅವನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. ಮಶೀನನ್ನು ಬೆಳಕಿಗೆ ಹಿಡಿದು ಹಿಗ್ಗಿನಿಂದ ಕೇಳಿದಳು: “ಹೇಗೆ ಕೊಯ್ದಿರಿ? ಗರಗಸದಲ್ಲಿ ಅಲ್ಲ, ಅಲ್ವಾ?”

ಅವನು ಮೇಜಿನ ಅಂಚನ್ನು ತೋರಿಸಿ, ಅಂಗೈಯಿಂದ ಗಾಳಿಯಲ್ಲಿ ಒಂದು ಏಟು ಹಾಕಿದ. “ಗೀರಿ ಮುರದೆ.”

ಅವಳು ಹಣೆ ಹಣೆ ಬಡಿದುಕೊಂಡು ವಿವರಿಸಿದಳು. ಗರಗಸ ಎರಡು ತುಂಡುಗಳ ನಡುವಿನ ಎಳೆಯನ್ನು ಪುಡಿಮಾಡಿ ತಿಂದುಹಾಕುತ್ತದೆ. ಗೀರಿ ಮುರಿದರೆ ಹಾಗಲ್ಲ, ಒಂದೇ ಎಳೆಯ ಒಂದು ತುದಿ ಈ ತುಂಡಿನಲ್ಲಿ, ಇನ್ನೊಂದು ತುದಿ ಆ ತುಂಡಿನಲ್ಲಿ ಉಳಿಯುತ್ತದೆ. ಹರಳುಗಳಿಗೆ ತಾವು ಬೇರೆಯಾದದ್ದು ತಿಳಿದೇ ಇಲ್ಲ. ಒಂದು ಮಿಡಿದರೆ ಎಷ್ಟೇ ದೂರವಿದ್ದರೂ ಇನ್ನೊಂದು ಮಿಡಿಯುತ್ತದೆ. ಯಾಕೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಗರಗಸವನ್ನೇ ಹಿಡಿದಿದ್ದರಿಂದ ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ.

ಅಡಿವೆಪ್ಪನಿಗೆ ಅದ್ಯಾವುದೂ ತಲೆಗೆ ಇಳಿಯಲಿಲ್ಲ. ದಸ್ತಗೀರ ಹೇಳಿದ್ದ ರೊಟ್ಟಿ ಬಡಿಯುವ ಸದ್ದು, ಕುಕ್ಕರಿನ ಸೀಟಿ ಮಾತ್ರ ನೆನಪಾದವು; ಅವು ಕಾಶವ್ವನ ಅಡುಗೆಮನೆಯವೇ. ಫೋನು ಇನ್ನೂ ಕೈಯಲ್ಲೇ ಇತ್ತು.

“ಮೊದಲನೇ ದಿನಾನ ಹೇಳಬಾರದಾಗಿತ್ತ ಕಾಶವ್ವ? ನನ್ನ ಕೈಲೆ ಎಂಥಾ ಪಾಪ ಮಾಡಿಸಿದಿ!”

ಆ ಕಡೆಯಿಂದ ಕಾಶವ್ವ ಅಳುತ್ತಲೇ ಅಂದಳು: “ತಪ್ಪ ನಂದೂ ಐತ್ರಿ, ಇಲ್ಲಂದಿಲ್ಲ. ಹೇಳಿದ್ರ ನೀವು ಮಶೀನ ಬದಲ ಮಾಡ್ತಿದ್ರಿ. ಮತ್ತ ನಿಮ್ಮ ಮಾತ ನನಗೆಲ್ಲಿ ಸಿಗ್ತಿತ್ತು? ಮನ್ಯಾಗ ನೀವು ಉಪ್ಪು ಖಾರ ಬಿಟ್ಟ ಏನರ ಮಾತಾಡೀರೇನು? ಎದ್ಯಾಗ ಧೂಳ ಐತಿ, ಸಾಯಾಕ ಅಂಜಿಕಿ ಬರ್ತೈತಿ ಅಂತ ಅಣ್ಣನ ಮುಂದ ಅತ್ರಿ. ಅವತ್ತ ನಾ ಇಲ್ಲಿ ಹಿಟ್ಟಿನ ಕೈಲೆ ಕುಂತ ಅತ್ತೆ. ನನ್ನ ಗಂಡ ಹಿಂಗೆಲ್ಲಾ ಮಾತಾಡ್ತಾನ ಅಂತ ನನಗ ಗೊತ್ತಾಗಿದ್ದ ಅವತ್ತ.”

ಸ್ಪೀಕರ್ ಹಾಕಿದ್ದು ಅಡಿವೆಪ್ಪನಿಗೆ ಆಗ ನೆನಪಾಯಿತು. ಪ್ರಫುಲ್ಲಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

“ಈ ಮಶೀನು ನಮಗೆ ಬೇಕು ಯಜಮಾನ್ರೇ,” ಎಂದಳು ಕೊನೆಗೆ. “ಇದು ಬರೀ ಕಿವಿ ಮಶೀನಲ್ಲ, ಇನ್ನೇನೋ ದೊಡ್ಡದು. ನಿಮ್ಮ ಗೆಳೆಯರಿಗೆ ಬೇರೆ ಹಾಳೆಯಿಂದ ಹೊಸದು ಮಾಡಿ ಕಳಿಸ್ತೀವಿ. ಸ್ವಲ್ಪ ದಿನ ಹಿಡಿಯುತ್ತೆ.”

“ಇಟ್ಕೋರಿ,” ಎಂದ ಅಡಿವೆಪ್ಪ. “ಗದಗಿಗೆ ಬಸ್ಸ ಎಷ್ಟೊತ್ತಿಗೈತ್ರಿ?”

ಸಂಜೆ ಬಜಾರದಲ್ಲಿ ಇಳಿದು ನೆಟ್ಟಗೆ ಅಂಗಡಿಗೇ ಹೋದ. ದಸ್ತಗೀರ ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಹಿತ್ತಾಳೆಯ ಸ್ವರದೆಲೆಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳಿಂದ ಮೀಟಿ, ಮಿಡಿತ ಹಿಡಿಯಲು ಹೆಣಗುತ್ತಿದ್ದ. ಕಿವಿ ಹೋದಾಗ ಅವನು ಹಾಗೆಯೇ ಮಾಡುತ್ತಿದ್ದುದು. ಸ್ವರ ಸಿಗುತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅಡಿವೆಪ್ಪ ಅಂಗಡಿಯ ಕಟ್ಟೆಗೆ ಬಂದು ನಿಂತ.

“ದಸ್ತಗೀರ, ತಪ್ಪಾತೋ,” ಎಂದ.

ದಸ್ತಗೀರ ತಲೆಯೆತ್ತಿ ನೋಡಿದ. “ಕೇಳಿಸ್ಲಿಲ್ಲ.”

“ತಪ್ಪಾತು! ನೀ ಏನೂ ಹೇಳಿದ್ದಿಲ್ಲ!”

“ಕೇಳಿಸ್ಲಿಲ್ಲ.”

ಬಳೆಯಂಗಡಿಯವನು ಕತ್ತು ಚಾಚಿದ. ಹೋಗುತ್ತಿದ್ದವರು ನಿಂತರು. ಇಷ್ಟು ವರ್ಷ ಮನಸ್ಸಿನ ಒಂದು ಮಾತನ್ನೂ ಊರೆದುರು ಚೆಲ್ಲದ ಅಡಿವೆಪ್ಪ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಕೂಡಿಸಿ ಅರಚಿದ: “ನನ್ನ ಎದ್ಯಾಗ ಗಾಜಿನ ಧೂಳ ತುಂಬೈತಿ! ಹೇಂತಿಗೆ ಹೇಳಾಕ ಅಂಜಿ ನಿನಗ ಹೇಳಿದ್ದೆ! ನಾ ಮಾಡಿದ ಮಶೀನ ಚಾಡಿ ಹೇಳ್ತು, ನೀ ಅಲ್ಲ! ಕಾಶವ್ವ ನಿನಗ ತಂಗಿ, ನಾ ಅಂದಿದ್ದ ಹೊಲಸ ಮಾತು! ತಪ್ಪ ನಂದು!”

ಅಷ್ಟಕ್ಕೇ ಕೆಮ್ಮು ಹತ್ತಿತು. ಬಿಡಲೊಲ್ಲದ ಕೆಮ್ಮು, ಕಣ್ಣು ಕತ್ತಲೆಗಟ್ಟಿ ಅಂಗಡಿಯ ಕಟ್ಟೆ ಹಿಡಿದು ಕುಳಿತ. ದಸ್ತಗೀರ ಎದ್ದು ಬಂದು, ತಂಬಿಗೆಯ ನೀರು ಕುಡಿಸಿ, ಬೆನ್ನು ತಿಕ್ಕಿದ.

“ಮೊದಲನೇ ಸಲಾನ ತಿಳೀತು,” ಎಂದ ಮೆಲ್ಲಗೆ. “ನಿನ್ನ ಬಾಯಿ ನೋಡಿ ತಿಳೀಲಾರದಂಥಾ ಮಾತೇನ ಅದು? ನೀ ಬೈದಿದ್ದ ಇಡೀ ಬಜಾರ ಕೇಳಿತ್ತು. ಇದನ್ನೂ ಅವರ ಕೇಳಬೇಕಾಗಿತ್ತು.”

ಅಡಿವೆಪ್ಪ ಅವನ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ಹೊಸ ಮಶೀನು ಬರುತ್ತದೆ, ಅಲ್ಲಿಯವರೆಗೆ ದಿನಾ ಬಂದು ಪಕ್ಕದಲ್ಲಿ ಕುಳಿತು ಸ್ವರ ಹೇಳಿಕೊಡುತ್ತೇನೆ ಎಂದು ಕೈ ಸನ್ನೆಯಲ್ಲಿ ತಿಳಿಸಿದ.

“ಬರೂವಂತಿ, ಬಾ. ಆದ್ರ ಒಂದ ಮಾತು. ನಿನ್ನ ಸಂಸಾರ ನನ್ನ ಕಿವಿ ಮ್ಯಾಲ ನಡಸಬ್ಯಾಡ. ನನ್ನ ಮುಂದ ಅಳೂದು ಸಾಕು. ಮನಿಗೆ ಹೋಗು, ಆಕಿ ಮುಂದ ಹೇಳು.”

ಮನೆಯಲ್ಲಿ ಕಾಶವ್ವ ಗ್ಯಾಸಿನ ಮೇಲೆ ಪಲ್ಯ ಇಟ್ಟಿದ್ದಳು. ಅಡಿವೆಪ್ಪ ಕೈಕಾಲು ತೊಳೆದು ಬಂದು, ಅಡುಗೆಮನೆಯ ಗೋಡೆಗೆ ಒರಗಿ ಕುಳಿತ. ಊಟಕ್ಕೇನೈತಿ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ.

“ಕಾಶವ್ವ, ನನಗ ಭಾಳ ಅಂಜಿಕಿ ಆಗೈತಿ,” ಎಂದ.

ಅವಳು ಗ್ಯಾಸು ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಅವನ ಎದುರು ಬಂದು ಕುಳಿತಳು. “ಹೇಳ್ರಿ,” ಎಂದಳು.